ಲಸ್ಮಿಯ ಗದ್ದೆಯ ಬಗ್ಗೆ ನಾನು ಕೇಳಿದ ಪ್ರಶ್ನೆ

2016ರ ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ಮಿಶಿಗನ್‌ನ ಸೌತ್‌ಫೀಲ್ಡ್‌ನಲ್ಲಿದ್ದ ನನ್ನ ಕಚೇರಿಯಿಂದ, ಶಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದ ಪಾರ್ದಿ ಎಂಬ ಅಡುಗೆಯವನಿಗೆ ಫೋನ್ ಮಾಡಿ, ಅವನ ತಂಗಿ ಅವನಿಂದ ಮುಚ್ಚಿಟ್ಟಿದ್ದ ಸಂಗತಿಯನ್ನು ಹೇಳಿಬಿಟ್ಟೆ. ಮರುವರ್ಷ ಆ ತಂಗಿ ‘ನೀವೇ ಹೇಳಿದಿರಾ’ ಎಂದು ಕೇಳಿದಾಗ ಇಲ್ಲ ಎಂದೆ. ಅವಳು ನಂಬಿದಳು. ಅವಳ ಗಂಡನನ್ನು ನಂಬಲಿಲ್ಲ.

ನಾನು ವರದಿಗಾರ. ಬೇರೆಯವರ ತಪ್ಪುಗಳನ್ನು ದಿನ, ಜಾಗ, ಹೆಸರು ಸಹಿತ ಬರೆದೇ ಹೊಟ್ಟೆ ಹೊರೆದಿದ್ದೇನೆ. ನನ್ನದನ್ನೂ ಹಾಗೆಯೇ ಬರೆಯಬೇಕು. ಕನ್ನಡದಲ್ಲಿ ಬರೆಯುತ್ತಿದ್ದೇನೆ — ಇದರಲ್ಲಿ ಬರುವವರಲ್ಲಿ ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಕನ್ನಡ ಬಾರದು. ಅದೂ ಒಂದು ಬಗೆಯ ಹೇಡಿತನ. ಅದಕ್ಕಾಗಿಯೇ ಮೊದಲು ಆ ತಂಗಿಯ ಮುಂದೆ ನಿಂತು ಹೇಳಿ, ಆಮೇಲೆ ಇಲ್ಲಿಗೆ ಬಂದಿದ್ದೇನೆ. ಅವರ ಊರಿನ ಹೆಸರನ್ನು ಬರೆಯುವುದಿಲ್ಲ. ಜಾವಾ ದ್ವೀಪದ ನಡುಭಾಗದಲ್ಲಿ ಭತ್ತ ಬೆಳೆಯುವ ಒಂದು ಸಣ್ಣ ಹಳ್ಳಿ, ಅಷ್ಟೆ.

ಆ ತಂಗಿಯ ಹೆಸರು ತುಮಿನಿ. ಡೆಟ್ರಾಯ್ಟ್ ಪಕ್ಕದ ವಾರೆನ್‌ನ ಒಂದು ಶೆಡ್ಡಿನಲ್ಲಿ ಕಾರಿನ ಸೀಟುಗಳಿಗೆ ಮಾದರಿ ಹೊದಿಕೆ ಹೊಲಿಯುವ ಕೆಲಸ. ಶನಿವಾರ, ಭಾನುವಾರ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಡೆಟ್ರಾಯ್ಟ್ ಸುತ್ತಿನ ಅರ್ಧ ಕನ್ನಡ ಸಂಸಾರಗಳ ಸೀರೆಗಳು ಅವಳ ಮಂಚದ ಮೇಲೆ ಬಿದ್ದಿರುತ್ತಿದ್ದವು. ನನ್ನ ಹೆಂಡತಿ ಸುನಂದಾ ಬೇರೆ ಕಡೆ ಹೊಲಿಸುತ್ತಲೇ ಇರಲಿಲ್ಲ. ನಾನು ಡ್ರೈವರ್ ಆಗಿ ಹೋಗಿ, ತುಮಿನಿಯ ಗಂಡ ಸುಗೆಂಗ್‌ನ ಜೊತೆ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಕಾರಿನ ಬಿಡಿಭಾಗ ಸಾಗಿಸುವ ಟ್ರಕ್ ಓಡಿಸುತ್ತಿದ್ದ ಗಟ್ಟಿ ಆಳು. ಮಾತು ಕಡಿಮೆ, ಟೀಗೆ ಸಕ್ಕರೆ ಜಾಸ್ತಿ. ‘ನೀನು ಪ್ರಶ್ನೆ ಕೇಳೋದು ನಿಲ್ಲಿಸಿದ್ರೆ ಮಾತ್ರ ಇನ್ನೊಂದು ಕಪ್’ ಎಂದು ನನ್ನನ್ನು ಕೆಣಕುತ್ತಿದ್ದ.

ಆ ವರ್ಷ ನಮ್ಮ ಪತ್ರಿಕೆ, ವಲಸೆ ಬಂದವರು ಹಿಂದೆ ಬಿಟ್ಟುಬಂದ ನೆಲದ ಬಗ್ಗೆ ಒಂದು ಸರಣಿ ಮಾಡುತ್ತಿತ್ತು. ನಾನು ತುಮಿನಿಯನ್ನು ಕೇಳಿದೆ. ಹೊಲಿಗೆ ನಿಲ್ಲಿಸದೆ ಎರಡು ಭಾನುವಾರ ಹೇಳಿದಳು — ಕಾಲುವೆಯ ನೀರನ್ನು ಸರದಿಯಲ್ಲಿ ಬಿಡುವ ಮುದುಕನ ಬಗ್ಗೆ, ಎರಡು ಬೆಳೆ ಭತ್ತದ ನಡುವೆ ಹಾಕುವ ಸೋಯಾ ಬಗ್ಗೆ, ಪಂಚಾಯ್ತಿ ಕಚೇರಿಯಲ್ಲಿರುವ ಒಂದು ದೊಡ್ಡ ಪುಸ್ತಕದ ಬಗ್ಗೆ. ಊರಿನ ನೆಲವೆಲ್ಲ ಆ ಪುಸ್ತಕದಲ್ಲಿದೆ. ಆದರೆ ಅದರಲ್ಲಿರುವ ಹೆಸರುಗಳಲ್ಲಿ ಅರ್ಧದಷ್ಟು ಜನ ಸತ್ತಿದ್ದಾರೆ. ಯಾರೂ ಬದಲಾಯಿಸಲು ಹೋಗುವುದಿಲ್ಲ. ಯಾವ ಗದ್ದೆ ಯಾರದು ಎಂದು ಊರಿಗೆ ಗೊತ್ತು.

ಅವಳ ತಂದೆಯ ಗದ್ದೆ ದೊಡ್ಡದೇನಲ್ಲ. ಇಲ್ಲಿಯ ಟ್ವೆಲ್ವ್ ಮೈಲ್ ರೋಡಿನ ದಿನಸಿ ಅಂಗಡಿಯ ಪಾರ್ಕಿಂಗ್ ಲಾಟ್‌ನಷ್ಟು ಎಂದು ಅವಳೇ ಕೈ ಬೀಸಿ ತೋರಿಸಿದ್ದಳು. ಅಣ್ಣ ಪಾರ್ದಿ, ತಂಗಿ ತುಮಿನಿ ಇಬ್ಬರೂ ಅಮೆರಿಕಕ್ಕೆ ಬಂದಮೇಲೆ, ತಂದೆಯ ಜೊತೆ ಉಳಿದವಳು ಲಸ್ಮಿ. ಹೆತ್ತ ಮಗಳಲ್ಲ. ಮಕ್ಕಳು ಹೆಚ್ಚಾದ ಒಂದು ಮನೆಯಿಂದ ಏಳನೆಯ ವಯಸ್ಸಿಗೆ ಬಂದು ಸೇರಿದವಳು. ಹಾಸಿಗೆ ಹಿಡಿದ ಮುದುಕನನ್ನು ಹನ್ನೊಂದು ವರ್ಷ ತೊಳೆದು, ಉಣಿಸಿ, ಗದ್ದೆಯನ್ನೂ ತಾನೇ ಮಾಡಿದಳು. ಮುದುಕ ಒಂದು ದಿನ ನೆರೆಯವರನ್ನು ಕರೆಸಿ, ಚಾಪೆ ಹಾಸಿ, ಅನ್ನದ ಗೋಪುರ ಮಾಡಿಸಿ ಹರಕೆಯ ಊಟ ಹಾಕಿದ. ಗದ್ದೆ ಲಸ್ಮಿಗೆ ಎಂದ. ಊಟ ಮಾಡಿ, ಉಳಿದ ಅನ್ನವನ್ನು ಬುಟ್ಟಿಯಲ್ಲಿ ಮನೆಗೆ ಒಯ್ದವರೇ ಸಾಕ್ಷಿ. ಅವರಲ್ಲಿ ದಸ್ತಾವೇಜು ಎಂದರೆ ಅದೇ.

ರಜೆಗೆ ಹೋಗಿದ್ದ ತುಮಿನಿ ಮತ್ತು ಸುಗೆಂಗ್ ಆ ಚಾಪೆಯ ಮೇಲೆ ಕೂತಿದ್ದರು. ಪಾರ್ದಿ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅವನು ಊರಿಗೇ ಹೋಗಿರಲಿಲ್ಲ. ಅವನ ತಿಳಿವಳಿಕೆಯಲ್ಲಿ ಲಸ್ಮಿ ಅರ್ಧ ಪಾಲಿಗೆ ಗದ್ದೆ ಮಾಡುವ ಆಳು. ತನ್ನ ಪಾಲಿನ ಅರ್ಧ, ತಂದೆ ಸತ್ತ ನಲವತ್ತನೆಯ ದಿನ, ನೂರನೆಯ ದಿನ, ಸಾವಿರದ ದಿನದ ಊಟಗಳಿಗೆ ಹೋಗುತ್ತಿದೆ. ಹಾಗೆ ಹೇಳಿದ್ದವಳು ತುಮಿನಿ. ಊರಿನವರು ನಿಜ ಹೇಳಲಿಲ್ಲ. ಕೇಳದವನಿಗೆ ಹೋಗಿ ಹೇಳುವುದು ಅಲ್ಲಿ ಒರಟುತನವಂತೆ.

‘ಮುಂದಿನ ಹಬ್ಬಕ್ಕೆ ಅಣ್ಣ ಇಲ್ಲಿಗೆ ಬರ್ತಾನೆ,’ ಎಂದಳು ತುಮಿನಿ. ‘ಊಟ ಹಾಕಿ, ಮಕ್ಕಳ ಮುಂದೆ ಕೂರಿಸಿ ಕೇಳ್ತೀನಿ. ನಾವಿಬ್ಬರೂ ಸಹಿ ಮಾಡಿದ್ರೆ ಲಸ್ಮಿ ಹೆಸರು ಪುಸ್ತಕಕ್ಕೆ ಬರುತ್ತೆ. ಅಲ್ಲೀವರೆಗೂ ಅವನ ಕಿವಿಗೆ ಬೀಳಬಾರದು.’

ನಾನು ತಲೆಯಾಡಿಸಿದೆ.

ತಲೆಯಾಡಿಸಿದ್ದು ಮಾತು ಕೊಟ್ಟಂತಲ್ಲ ಎಂದು ಆಮೇಲೆ ಎಷ್ಟು ಸಲ ನನಗೇ ಹೇಳಿಕೊಂಡೆನೋ — ನೋಟ್‌ಬುಕ್ಕಿನಲ್ಲಿ ಅವಳ ಆ ಕೊನೆಯ ಮಾತನ್ನು ಬರೆದುಕೊಳ್ಳಲಿಲ್ಲ ಎಂಬುದು ಮಾತ್ರ ಸತ್ಯ. ನಾನು ಗದಗ ಸೀಮೆಯವನು. ನಮ್ಮಲ್ಲಿ ಉತಾರದಲ್ಲಿ ಹೆಸರಿಲ್ಲದವನ ಹೊಲ ಹೊಲವೇ ಅಲ್ಲ. ಅನ್ನ ಉಂಡವರ ನೆನಪೇ ಕಾಗದ ಎಂಬುದನ್ನು ಕೇಳಿದಾಗ ನನಗೆ ಕಂಡದ್ದು ಲಸ್ಮಿಯಲ್ಲ. ಒಳ್ಳೆಯ ಒಂದು ಪ್ಯಾರಾ. ಡೆಸ್ಕಿನ ನಿಯಮ ಗೊತ್ತಿತ್ತು: ಯಾರ ಆಸ್ತಿಯ ಬಗ್ಗೆ ಬರೆಯುತ್ತೀಯೋ ಅವರೆಲ್ಲರನ್ನೂ ಕೇಳು. ಆ ಪ್ಯಾರಾ ಬೇಡ ಎಂದಿದ್ದರೆ ಪಾರ್ದಿಯನ್ನು ಕೇಳಬೇಕಾಗಿರಲಿಲ್ಲ. ಆ ಪ್ಯಾರಾ ಬೇಕಿತ್ತು.

ಫೋನಿನಲ್ಲಿ ಎಕ್ಸಾಸ್ಟ್ ಫ್ಯಾನಿನ ಸದ್ದು, ಬಾಣಲೆಯ ಸದ್ದು. ನನ್ನ ಪರಿಚಯ ಹೇಳಿ ಕೇಳಿದೆ:

‘ನಿಮ್ಮ ತಂದೆ ಗದ್ದೆಯನ್ನು ಲಸ್ಮಿಗೆ ಕೊಟ್ಟರಲ್ಲ, ಅದಕ್ಕೆ ನಿಮ್ಮ ಒಪ್ಪಿಗೆ ಇತ್ತೆ?’

ಬಾಣಲೆಯ ಸದ್ದು ನಿಂತಿತು. ‘ಯಾವಾಗ ಕೊಟ್ಟರು?’ ಎಂದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ತಪ್ಪು ತಿಳಿದಿದ್ದೆ, ಕ್ಷಮಿಸಿ, ಎನ್ನಬಹುದಿತ್ತು — ನಾನು ನೋಟ್‌ಬುಕ್ ತೆರೆದು ಓದಿದೆ. ಯಾವ ವರ್ಷ, ಚಾಪೆಯ ಮೇಲೆ ಯಾರು ಯಾರಿದ್ದರು, ಮುದುಕ ಏನೆಂದ. ನಾನೇಕೆ ಮರೆಮಾಚಬೇಕು — ಓದುವಾಗ ಒಂದು ಹಿತ ಇತ್ತು. ನನ್ನಲ್ಲಿರುವುದು ಅವನಲ್ಲಿಲ್ಲ ಎಂಬ ಹಿತ. ಅವನು ತುಂಬ ವಿನಯದಿಂದ ಥ್ಯಾಂಕ್ಸ್ ಹೇಳಿದ. ಪ್ರತಿಕ್ರಿಯೆ ಏನೂ ಇಲ್ಲ ಎಂದ. ನಾನು ‘ಪ್ರತಿಕ್ರಿಯಿಸಲು ನಿರಾಕರಿಸಿದರು’ ಎಂದು ಟೈಪ್ ಮಾಡಿದೆ.

ಆ ವಾರ ಜಾಹೀರಾತು ಹೆಚ್ಚು ಬಂತು. ಸಂಪಾದಕರು ನನ್ನ ವರದಿಯನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದರು. ಕಾಲುವೆ ಉಳಿಯಿತು, ಸೋಯಾ ಉಳಿಯಿತು, ನೀರಿನ ಮುದುಕನೂ ಉಳಿದ. ಲಸ್ಮಿಯ ಗದ್ದೆಯ ಪ್ಯಾರಾ ಹೋಯಿತು. ಪಾರ್ದಿಯ ಹೆಸರೇ ಅಚ್ಚಾಗಲಿಲ್ಲ.

ಮುಂದಿನ ವರ್ಷ ಸರ್ಕಾರದ ಸರ್ವೆಯವರು ಆ ಊರಿಗೆ ಬಂದು ಗೂಟ ನೆಟ್ಟು ಪ್ರಮಾಣಪತ್ರ ಕೊಡಲು ಶುರುಮಾಡಿದರು. ಎರಡು ದಶಕ ಊರು ನೋಡದ ಪಾರ್ದಿ ಟಿಕೆಟ್ ತೆಗೆದು ಹೋದ. ಕಾನೂನಿನಲ್ಲಿ ವಾರಸುದಾರರು ಇಬ್ಬರೇ, ಅವನು ಮತ್ತು ತುಮಿನಿ. ಅಲ್ಲಿಂದ ತಂಗಿಗೆ ಫೋನ್ ಮಾಡಿ ಎರಡೇ ಮಾತು ಹೇಳಿದನಂತೆ. ಗದ್ದೆ ನನ್ನೊಬ್ಬನ ಹೆಸರಿಗಾಗಲು ಸಹಿ ಹಾಕಿದರೆ ಲಸ್ಮಿ ಮನೆಯಲ್ಲಿ ಇರಬಹುದು. ಹಾಕದಿದ್ದರೆ ಮನೆಯನ್ನೂ ಬಿಚ್ಚಿಸುತ್ತೇನೆ — ಅಲ್ಲಿಯ ಮರದ ಮನೆಗಳನ್ನು ಬೆಣೆ ತೆಗೆದು ಬಿಚ್ಚಿ ಲಾರಿಯಲ್ಲಿ ಒಯ್ಯಬಹುದು. ತುಮಿನಿ ಸಹಿ ಹಾಕಿದಳು.

ಆ ಶನಿವಾರ ಬ್ಲೌಸ್ ತರಲು ಹೋದಾಗ ಅವಳು ಯಂತ್ರ ನಿಲ್ಲಿಸಿ ನನ್ನ ಮುಂದೆ ಬಂದು ನಿಂತಳು. ಸುಗೆಂಗ್ ಒಲೆಯ ಹತ್ತಿರವಿದ್ದ.

‘ನೀವು ಪಾರ್ದಿಗೆ ಹೇಳಿದಿರಾ?’

‘ಇಲ್ಲ,’ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ‘ಪೇಪರ್ ನಿಮ್ಮ ಹತ್ತಿರವೇ ಇದೆಯಲ್ಲ. ಗದ್ದೆಯ ಬಗ್ಗೆ ಒಂದು ಸಾಲಾದರೂ ಇದೆಯಾ, ನೋಡಿ.’

ಅವಳು ಕಪಾಟಿನಿಂದ ಪೇಪರ್ ತೆಗೆದು ನೋಡಿದಳು. ಒಂದು ಸಾಲೂ ಇರಲಿಲ್ಲ. ಅವಳು ಪೇಪರ್ ಮಡಚಿ ಗಂಡನ ಕಡೆ ತಿರುಗಿದಳು. ಈ ದೇಶದಲ್ಲಿ ವಿಷಯ ಗೊತ್ತಿದ್ದವರು ಮೂವರು. ಅವರಲ್ಲಿ ನಾನು ಪುರಾವೆ ಸಮೇತ ಹೊರಗೆ ಬಂದಿದ್ದೆ. ಸುಗೆಂಗ್ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ಅವನಿಗೆ ತಿಳಿದುಹೋಗಿತ್ತು. ನಾನು ಬ್ಲೌಸಿನ ಪೊಟ್ಟಣ ತೆಗೆದುಕೊಂಡು ಹೊರಗೆ ಬಂದೆ.

ಸುಗೆಂಗ್ ವಾರಕ್ಕೊಮ್ಮೆ ಪಾರ್ದಿಗೆ ಫೋನ್ ಮಾಡಿ ಹರಟುತ್ತಿದ್ದವನು. ಅದೇ ಅವನ ವಿರುದ್ಧದ ಸಾಕ್ಷ್ಯವಾಯಿತು. ಪಾರ್ದಿಯನ್ನೇ ಕೇಳಬಹುದಿತ್ತು, ಆದರೆ ಸಹಿಯ ನಂತರ ತುಮಿನಿ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ಹತ್ತು ದಿನದ ಮೇಲೆ ಅವಳು ನನಗೆ ಫೋನ್ ಮಾಡಿ, ‘ನೀವೇ ಹೇಳಿದ್ದು ಅಂತ ಸುಗೆಂಗ್ ಆಣೆ ಹಾಕ್ತಿದಾನೆ’ ಎಂದಳು. ಸಿಟ್ಟಿರಲಿಲ್ಲ, ಕ್ಷಮೆ ಕೇಳುವ ದನಿ ಅದು. ‘ಅವರು ನೊಂದಿದ್ದಾರೆ, ಬಿಡಿ’ ಎಂದೆ. ಇದು ಎರಡನೆಯ ಸುಳ್ಳು. ಮೊದಲನೆಯದು ಗಾಬರಿಯಲ್ಲಿ ಬಂತು ಎಂದು ವಾದಿಸಬಹುದು. ಇದನ್ನು ನಾನು ಮೆಲ್ಲಗೆ, ಯೋಚಿಸಿ ಹೇಳಿದೆ.

ಸುಗೆಂಗ್ ಮನೆ ಬಿಟ್ಟ. ಸುದ್ದಿ ತಂದವಳು ಸುನಂದಾ.

‘ಅಕಿ ಗಂಡನ್ನ ಹೊರಗ ಹಾಕ್ಯಾಳಂತ್ರಿ. ಹ್ಯಾಮ್‌ಟ್ರಾಮಿಕ್‌ದಾಗ ಯಾರದೋ ಬೇಸ್‌ಮೆಂಟ್‌ನ್ಯಾಗ ಅದಾನಂತ. ಮಗಳೂ ಮಾತಾಡ್ಸಂಗಿಲ್ಲ.’

ಸುನಂದಾ ನನ್ನ ಮುಖವನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷದ ಸಂಸಾರ.

‘ನೀವs ಹೇಳಿದ್ರಿ ಹೌದಲ್ರಿ?’ ಎಂದಳು. ಉತ್ತರಕ್ಕೆ ಕಾಯಲಿಲ್ಲ. ‘ಒಂದು ಫೋನ್ ಮಾಡಿ ಹೇಳಿಬಿಡ್ರಿ. ಆ ಮನಶಾ ಏನ್ ಪಾಪ ಮಾಡ್ಯಾನ?’

ಮಾಡುತ್ತೇನೆ ಎಂದೆ. ಆ ಚಳಿಗಾಲದಲ್ಲಿ ಶಿಕಾಗೋದಲ್ಲಿ ಕೆಲಸ ಸಿಕ್ಕಿತು, ಮನೆ ಬದಲಾಯಿಸಿದೆವು. ಸುನಂದಾ ಆಮೇಲೆ ತುಮಿನಿಯ ಹತ್ತಿರ ಬ್ಲೌಸ್ ಹೊಲಿಸಲಿಲ್ಲ. ಕಾರಣ ಕೇಳಿದವರಿಗೆ ದೂರ ಎನ್ನುತ್ತಿದ್ದಳು.

2021ರ ಚಳಿಗಾಲ ಸುಗೆಂಗ್ ಡೆಟ್ರಾಯ್ಟ್‌ನ ಒಂದು ಆಸ್ಪತ್ರೆಯಲ್ಲಿ ಸತ್ತ. ಹೊರಗಿನವರನ್ನು ಒಳಗೆ ಬಿಡದ ದಿನಗಳು. ನರ್ಸ್ ತುಮಿನಿಗೆ ಫೋನ್ ಮಾಡಿ, ಅವನ ಕಿವಿಯ ಹತ್ತಿರ ಹಿಡಿಯುತ್ತೇನೆ, ಏನಾದರೂ ಹೇಳಿ ಎಂದಳಂತೆ. ತುಮಿನಿ ಬೇಡ ಎಂದಳು. ಮಗಳು ರತ್ನಾ — ಅವರಲ್ಲೂ ಅದೇ ಹೆಸರು — ಫೋನನ್ನೇ ಎತ್ತಲಿಲ್ಲ. ಇದು ನನಗೆ ಅದೇ ವಾರ ತಿಳಿಯಿತು. ಆಗ ಹೇಳಿ ಪ್ರಯೋಜನವಿಲ್ಲ ಎಂದುಕೊಂಡೆ. ಅವನು ಬದುಕಿದ್ದಾಗ ಹೇಳಿದರೆ ರಾದ್ಧಾಂತ, ಸತ್ತ ಮೇಲೆ ಹೇಳಿದರೆ ನಿರರ್ಥಕ — ನನ್ನ ಲೆಕ್ಕದಲ್ಲಿ ಸರಿಯಾದ ದಿನ ಎಂಬುದೇ ಇರಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ರತ್ನಾಳ ಮದುವೆಯ ಕರೆಯೋಲೆ ಬಂತು. ಅಭ್ಯಾಸಬಲ, ಅಚ್ಚಿನ ತಪ್ಪು ಹುಡುಕುವ ಕಣ್ಣು. ವಧುವಿನ ತಾಯಿಯ ಹೆಸರಿತ್ತು, ವರನ ತಂದೆ ತಾಯಿಯ ಹೆಸರಿತ್ತು. ಸುಗೆಂಗ್‌ನ ಹೆಸರಿರಲಿಲ್ಲ. ಸತ್ತವರ ಹೆಸರು ಹಾಕುವುದು ಅವರ ವಾಡಿಕೆ. ವರನ ಕಡೆಯ ತೀರಿಕೊಂಡ ಅಜ್ಜನ ಹೆಸರೂ ಇತ್ತು. ಸುನಂದಾ ಆ ಓಲೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ‘ನೀವs ಓದಿಕೋತ ಕುಂದರ್ರಿ,’ ಎಂದಳು.

ಮರು ಭಾನುವಾರ ತೊಂಬತ್ತನಾಲ್ಕನೇ ಹೈವೇಯಲ್ಲಿ ಸುಮಾರು ಮುನ್ನೂರು ಮೈಲಿ ಡ್ರೈವ್ ಮಾಡಿ ವಾರೆನ್‌ಗೆ ಹೋದೆ. ಸಂಜೆಯಾಗಿತ್ತು. ತುಮಿನಿ ಮಗಳ ಮದುವೆಯ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಮಂಗಳವಾರ, ಮಧ್ಯಾಹ್ನ, ನನ್ನ ಪ್ರಶ್ನೆ, ಪಾರ್ದಿಯ ಪ್ರಶ್ನೆ, ನಾನು ಓದಿದ್ದು. ಪೇಪರ್ ತೋರಿಸಿದ್ದು ಯಾಕೆ ಎಂಬುದನ್ನೂ.

ಅವಳು ಸೂಜಿಯನ್ನು ಬಟ್ಟೆಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ‘ಆವತ್ತು ನಾನು ಅವನ ಕಡೆ ತಿರುಗಿದಾಗ ನೀವು ಇಲ್ಲೇ ನಿಂತಿದ್ರಿ,’ ಎಂದಳು.

‘ಹೌದು.’

‘ಅವನು ನಿಮ್ಮನ್ನ ನೋಡಿದ.’

‘ಹೌದು.’

ಆಮೇಲೆ ಅವಳು ಮಹಡಿಯ ಮೆಟ್ಟಿಲ ಕಡೆ ಮುಖ ಮಾಡಿ ರತ್ನಾಳನ್ನು ಕರೆದಳು. ರತ್ನಾ ಬಂದು, ತಾಯಿಯ ಮುಖ ನೋಡಿ, ತನ್ನ ಫೋನನ್ನು ಮೇಜಿನ ಮೇಲೆ ನನ್ನ ಮುಂದಿಟ್ಟು ಗುಂಡಿ ಒತ್ತಿದಳು.

‘ಸೇ ಇಟ್ ಅಗೇನ್, ಅಂಕಲ್. ಸ್ಲೋಲಿ. ಐ ಆಮ್ ರೆಕಾರ್ಡಿಂಗ್.’

ನಾನು ಮತ್ತೆ ಹೇಳಿದೆ. ಎಷ್ಟೋ ಜನರ ಮುಂದೆ ಆ ಗುಂಡಿ ಒತ್ತಿದವನು ನಾನು. ಅದರ ಆಚೆ ಬದಿಯಲ್ಲಿ ಕೂತು ಮಾತಾಡಿದ್ದು ಮೊದಲ ಸಲ. ನಡುವೆ ಒಮ್ಮೆ ‘ಸಂದರ್ಭ ಹಾಗಿತ್ತು’ ಎಂದೆ, ರತ್ನಾ ಬೆರಳೆತ್ತಿದಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಇಲ್ಲಿಯೂ ತೆಗೆದುಕೊಳ್ಳುತ್ತೇನೆ.

ಮುಗಿದ ಮೇಲೆ ತುಮಿನಿ ಲಸ್ಮಿಗೆ ಫೋನ್ ಹಚ್ಚಿದಳು. ಅಲ್ಲಿ ಸೋಮವಾರದ ಬೆಳಗು. ಜಾವಾ ಭಾಷೆ ನನಗೆ ಬರುವುದಿಲ್ಲ. ಸುಗೆಂಗ್‌ನ ಹೆಸರು ಮೂರು ಸಲ ಕೇಳಿಸಿತು, ನನ್ನದು ಒಂದು ಸಲ. ಆ ಕಡೆಯಿಂದ ಎಂಜಿನ್ ಸದ್ದು ಬರುತ್ತಿತ್ತು. ಆಮೇಲೆ ಲಸ್ಮಿ ಏನೋ ಹೇಳಿದಳು.

ತುಮಿನಿ ನನ್ನ ಕಡೆ ನೋಡದೆ ಇಂಗ್ಲಿಷಿಗೆ ತಿರುಗಿಸಿದಳು. ಊರಿನ ವಾಡಿಕೆಯಲ್ಲಿ ಯಾರ ಗದ್ದೆಯಾದರೂ ಕುಡುಗೋಲು ಹಿಡಿದು ಬಂದವರು ಕೊಯ್ದು, ಕೊಯ್ದದ್ದರಲ್ಲಿ ಪಾಲು ಒಯ್ಯಬಹುದು. ಪಾರ್ದಿ ಈ ಸಲ ನಿಂತ ಪೈರನ್ನು ಸ್ಕೋಕಿಯಿಂದಲೇ ಪಟ್ಟಣದ ಗುತ್ತಿಗೆದಾರನಿಗೆ ಮಾರಿದ್ದಾನೆ. ಗುತ್ತಿಗೆದಾರ ಲಾರಿಯಲ್ಲಿ ತನ್ನ ಆಳುಗಳನ್ನೇ ತಂದಿದ್ದಾನೆ. ಲಸ್ಮಿ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತಿದ್ದಾಳೆ, ಇಳಿಯಬೇಡ ಎಂದಿದ್ದಾರೆ.

ಮರುದಿನ ತುಮಿನಿ ಒಂದು ಸಾಲಿನ ಮೆಸೇಜ್ ಕಳಿಸಿದಳು. ಕೊಯ್ಲು ಹನ್ನೊಂದು ಗಂಟೆಗೆ ಮುಗಿಯಿತು.