ಒಸಿ ಒತ್ಕಳಿ ಭಾವ

ನಾನು ಹುಳು ಸಾಕುವವಳು, ಅದೂ ಚಿಕ್ಕ ಹುಳು. ಅಕ್ಕೂರಿನ ನಮ್ಮ ಚಾಕಿ ಮನೆಯಲ್ಲಿ ರೇಷ್ಮೆ ಮೊಟ್ಟೆ ಮರಿಯಾದ ಮೇಲೆ ಎರಡನೇ ಜ್ವರದವರೆಗೆ ನೋಡಿಕೊಂಡು, ಆಮೇಲೆ ಸಾತನೂರು ಕಡೆಯ ರೈತರ ಮನೆಗೆ ಮುಟ್ಟಿಸುತ್ತೇನೆ. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ, ಗಾಬರಿಯಾಗಬೇಡಿ. ಕಳೆದ ಬೇಸಿಗೆಯಲ್ಲಿ ಮಾತ್ರ ಬಾಡಿಗೆ ಆಟೋದ ಕಾವಿಗೆ ಅಷ್ಟೂ ಹುಳು ದಾರಿಯಲ್ಲೇ ಸೊರಗಿ ಹೋದವು. ರೈತ ಬಾಯಿಗೆ ಬಂದಂತೆ ಬೈದ. ಬೈಯಲಿ ಬಿಡಿ, ಹೊಟ್ಟೆ ಉರಿದದ್ದು ನನಗೇ.

"ಎಸಿ ಇರೋ ಗಾಡಿ ಒಂದು ಸಿಕ್ಕುದ್ರೆ ಸರಿ. ಇಲ್ದಿದ್ರೆ ಚಾಕಿ ಮುಚ್ಬುಡವ," ಎಂದರು ನಮ್ಮ ಯಜಮಾನರು. ಮುಚ್ಚುವುದಂತೆ! ಕೋಪ ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಆ ಮನೆ ಬಿಟ್ಟರೆ ನನ್ನದು ಅಂತ ಹೇಳಿಕೊಳ್ಳುವ ಕೆಲಸ ಬೇರೆ ಇರಲಿಲ್ಲ.

ಹಾರೋಹಳ್ಳಿಯ ಫ್ಯಾಕ್ಟರಿಯವರೊಬ್ಬರು ಮಾರುತ್ತಿದ್ದ ಟರ್ಬೊ ಪೆಟ್ರೋಲ್ ಕಾರು ಕಣ್ಣಿಗೆ ಹಿಡಿಸಿತು. ಒಳಗಿನ ಎಂಜಿನ್ ಹೇಗಿದೆಯೋ ಯಾರಿಗೆ ಗೊತ್ತು? ಚನ್ನಪಟ್ಟಣದಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಚಿಕ್ಕಮ್ಮನ ಮಗನ ಹತ್ತಿರ ತಂದೆವು. ಅವನು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ತೂತಿಗೆ ಮೀಟರ್ ತಿರುಗಿಸಿದ. ಸೆಲ್ಫ್ ಹೊಡೆದಾಗ ಪಿಸ್ಟನ್ ಗಾಳಿಯನ್ನು ಎಷ್ಟು ಬಿಗಿಯಾಗಿ ಅದುಮುತ್ತದೆ ಎಂದು ಅದರ ಮುಳ್ಳು ಹೇಳುತ್ತದಂತೆ.

ಯಜಮಾನರು ಚಪ್ಪಲಿಯನ್ನು ಹೊರಗೆ ಬಿಟ್ಟು ಡ್ರೈವರ್ ಸೀಟಿನಲ್ಲಿ ಕೂತರು.

"ಆಕ್ಸಿಲೇಟರ್ ಒಸಿ ಒತ್ಕಳಿ ಭಾವ. ನಾನು ಹೇಳ್ದಾಗ ಸೆಲ್ಫ್ ಹೊಡೀರಿ."

ಮೊದಲ ಸಿಲಿಂಡರು ನೂರಾ ನಲವತ್ತು ತೋರಿಸಿತು. ಎರಡನೆಯದು ನೂರಾ ಇಪ್ಪತ್ತೈದು, ಮೂರನೆಯದು ನೂರಾ ಹತ್ತು. ನಾಲ್ಕನೆಯದು ನೂರನ್ನೂ ಮುಟ್ಟಲಿಲ್ಲ.

"ಕಂಪ್ರೆಷನ್ ಇಲ್ಲ ಕಣಕ್ಕ. ಈ ಗಾಡಿ ಬ್ಯಾಡ."

ಆದರೆ ನನಗೆ ಆ ಲೆಕ್ಕ ಏಕೋ ಸರಿಕಾಣಲಿಲ್ಲ. ಕಾಯಿಲೆ ಬಿದ್ದರೆ ತಟ್ಟೆಯಲ್ಲಿ ಹುಳು ಸಾಲು ಹಿಡಿದು ಸಾಯುವುದಿಲ್ಲ, ಅಲ್ಲೊಂದು ಇಲ್ಲೊಂದು ಸಾಯುತ್ತದೆ. ಇದು ಮೆಟ್ಟಿಲು ಇಳಿದಂತೆ ಇಳಿದಿತ್ತು. ಬಾಗಿಲಿನಿಂದ ಬಗ್ಗಿ ನೋಡಿದೆ. ಯಜಮಾನರ ಹೆಬ್ಬೆರಳು ಪೆಡಲಿನ ಮೇಲೆ ಹೂವಿನ ಮೇಲಿಟ್ಟ ಹಾಗಿತ್ತು.

"ಎಷ್ಟು ಒತ್ತಿದ್ರಿ?"

"ಒಸಿ ಅಂದ್ನಲ್ಲ, ಒಸಿ ಒತ್ತಿದ್ದೆ. ಕಾಲು ನೋವಾಯ್ತು, ಬರ್ತಾ ಬರ್ತಾ ಒಸೊಸಿ ಸಡಿಲ ಬುಟ್ಟೆ. ಇನ್ನೊಬ್ರ ಗಾಡಿ, ತುಳಿಯಾಕಾಯ್ತದಾ?"

ನಮ್ಮ ಕಡೆ ಏನು ಕೇಳುವುದಾದರೂ ಮರ್ಯಾದೆಗೆ ಒಂದು 'ಒಸಿ', ಅಂದರೆ 'ಸ್ವಲ್ಪ', ಸೇರಿಸುತ್ತೇವೆ. 'ಒಸಿ ಬನ್ನಿ' ಎಂದರೆ ಯಾರೂ ಅರ್ಧ ದಾರಿ ಬಂದು ನಿಲ್ಲುವುದಿಲ್ಲ. ಯಜಮಾನರು ಮಾತ್ರ ಅವತ್ತು ಆ ಮಾತನ್ನು ಅಳತೆ ಹಿಡಿದು ಪಾಲಿಸಿದ್ದರು. ನನ್ನ ತಮ್ಮ ಹಣೆ ಚಚ್ಚಿಕೊಂಡು ನಕ್ಕ.

"ಪೂರ್ತಿ ಒತ್ತದಿದ್ರೆ ಒಳಕ್ಕೆ ಗಾಳೀನೇ ಹೋಗಕಿಲ್ಲ ಭಾವ. ಮೂಗು ಹಿಡ್ಕಂಡು ಉಸಿರು ಎಳ್ಕ ಅಂದಂಗಾಯ್ತು. ತಪ್ಪು ನಂದೇ, ನೋಡ್ಬೇಕಿತ್ತು."

ಅಷ್ಟು ಸಲ ಸೆಲ್ಫ್ ಹೊಡೆದು ಇಳಿದಿದ್ದ ಬ್ಯಾಟರಿ ಚಾರ್ಜ್ ಮಾಡಿ ಮತ್ತೆ ಶುರು ಮಾಡಿದ. ಈ ಸಲ ನಾನೇ ಕೂತೆ. ಯಾವ ಮುಲಾಜೂ ಇಲ್ಲದೆ ಪೆಡಲನ್ನು ತಳ ಮುಟ್ಟಿಸಿದೆ. ನಾಲ್ಕೂ ನೂರಾ ಐವತ್ತರ ಆಸುಪಾಸಿಗೆ ಬಂದವು.

"ನಾವು ಮಾರ್ಬುಟ್ಟ ಹಳೇ ಕಾರಿಗೆ ಇನ್ನೂ ಜಾಸ್ತಿ ಬಂದಿತ್ತಲ್ಲ?" ಎಂದರು ಯಜಮಾನರು.

"ಅದಕ್ಕೆ ಟರ್ಬೊ ಇರ್ಲಿಲ್ಲ. ಇಂಥ ಗಾಡೀಲಿ ಒಸಿ ಕಮ್ಮೀನೇ ಮಡಗಿರ್ತಾರೆ, ಓಡುವಾಗ ಟರ್ಬೊ ಗಾಳಿ ತುಂಬ್ತದೆ. ನಾಲ್ಕೂ ಒಂದೇ ಸಮ ಅವೆ, ಅದು ಮುಖ್ಯ. ಟರ್ಬೊನ ಬ್ಯಾರೆ ನೋಡ್ತೀನಿ. ಎಂಜಿನ್ ಗಟ್ಟಿ ಐತೆ."

ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಹಿಂದಿನ ಸೀಟು ಮಡಚಿ, ಹುಳುವಿನ ತಟ್ಟೆಗಳು ಎಷ್ಟು ಹಿಡಿಯುತ್ತವೆ ಎಂದು ಗೇಣು ಹಾಕತೊಡಗಿದರು.

"ಮುಂದಿನ ಬೆಳೆಗೆ ಮೊಟ್ಟೆ ಹೇಳಿದ್ದೀಯಾ?"

"ಇಲ್ಲ."

"ಹೇಳ್ಬುಡು."

ಅಲ್ಲಿಯೇ ನಿಂತು ಮೊಟ್ಟೆ ಕೊಡುವವರಿಗೆ ಫೋನ್ ಮಾಡಿದೆ. ಎಷ್ಟು ಮೊಟ್ಟೆ ಬೇಕು ಎಂದು ಅವರು ಕೇಳಿದಾಗ, ಯಾವ 'ಒಸಿ'ಯನ್ನೂ ಸೇರಿಸದೆ ಲೆಕ್ಕ ಹೇಳಿದೆ.