ದಾಳಿಂಬೆಯಕ್ಕನ ಕೆನ್ನೆಗೆ ತಾಗಿದ ಹಬೆ

ಎಡಗೆನ್ನೆ ತುಂಬ ಕೆಂಪು ಮಚ್ಚೆ ಹೊತ್ತು ಹುಟ್ಟಿದವಳಿಗೆ ಓಣಿಯವರೆಲ್ಲ ಸೇರಿ ದಾಳಿಂಬೆ ಅಂತ ಹೆಸರಿಟ್ಟಿದ್ದರು. "ಬದನೆಕಾಯಿ ಅನ್ನಲಿಲ್ಲವಲ್ಲ, ಪುಣ್ಯ," ಎಂದು ನಕ್ಕುಬಿಡುತ್ತಿದ್ದಳು. ಮದುವೆಯಾಗಿ ಬಂದ ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಳು. ಬಟ್ಟೆ ತರುವುದು, ಮುಟ್ಟಿಸುವುದು ಗಂಡನ ಪಾಲು. ಇಸ್ತ್ರಿಪೆಟ್ಟಿಗೆ ಮಾತ್ರ ಅವಳದೇ. ಅವನು ಹಿಡಿದರೆ ಪ್ಯಾಂಟಿಗೆ ಒಂದರ ಬದಲು ಎರಡು ಗೆರೆ ಬೀಳುತ್ತಿದ್ದವು.

ವಯಸ್ಸು ಏರಿದಂತೆ ಮಚ್ಚೆ ದಪ್ಪಗಾಗಿ, ಮೇಲೆ ಕಾಳಿನಂಥ ಗುಳ್ಳೆಗಳು ಎದ್ದವು. ಒಂದು ದಿನ ಬೆವರು ಒರೆಸುವಾಗ ಒಂದು ಒಡೆದು, ಗಿರಾಕಿಯ ಬಿಳಿ ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿತು. ಕಲೆ ಹೋಗಲಿಲ್ಲ, ಗಿರಾಕಿ ಹೋದರು.

ಚರ್ಮದ ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. "ಇವು ಹಿಗ್ಗಿದ ಸಣ್ಣ ರಕ್ತನಾಳಗಳು. ಲೇಸರ್ ಹಾಯಿಸಿದರೆ ಕುಗ್ಗುತ್ತವೆ, ರಕ್ತ ಬರೋದು ಕಮ್ಮಿಯಾಗತ್ತೆ. ಒಂದೇ ಸಲಕ್ಕಾಗಲ್ಲ. ಬಣ್ಣ ಪೂರ್ತಿ ಹೋಗದೆಯೂ ಇರಬಹುದು, ಮತ್ತೆ ಬರಲೂಬಹುದು. ಕೆಲವರಿಗೆ ಬೊಬ್ಬೆ ಏಳತ್ತೆ, ಗುರುತು ಉಳಿಯತ್ತೆ, ಚರ್ಮ ಕಪ್ಪಗೋ ಬೆಳ್ಳಗೋ ಆಗಿಬಿಡತ್ತೆ. ಆಮೇಲೆ ಬಿಸಿಲಿಗೆ ಹೋಗಬೇಡಿ."

"ಬಿಸಿಲು ನೋಡೋಕೆ ನಂಗೆಲ್ಲಿ ಪುರುಸೊತ್ತು ಡಾಕ್ಟ್ರೇ."

ಮಾತಿಗೆ ತಪ್ಪಲಿಲ್ಲ. ಲೇಸರ್ ಆದ ಮರುದಿನದಿಂದ ಹೊಸ್ತಿಲು ದಾಟಲಿಲ್ಲ; ಒಳಗೇ ನಿಂತು, ನೀರು ಚಿಮುಕಿಸಿದ ಬಟ್ಟೆಯ ಮೇಲೆ ಬಗ್ಗಿ ಇಸ್ತ್ರಿ ಉಜ್ಜಿದಳು. ಹಬೆಯೆಲ್ಲ ನೇರ ಕೆನ್ನೆಗೆ. ಬೊಬ್ಬೆ ಎದ್ದು, ಒಡೆದು, ಒಣಗಿದಾಗ ಕೆಂಪಿನ ನಡುವೆ ಬಿಳಿ ತೇಪೆಯೊಂದು ಉಳಿಯಿತು.

"ಲೇಸರಿಂದಲೋ ಹಬೆಯಿಂದಲೋ ಹೇಳಕ್ಕಾಗಲ್ಲ," ಎಂದರು ಡಾಕ್ಟರಮ್ಮ. "ನಿಮ್ಮ ಕೆಲಸ ಏನಂತ ನಾನೂ ಕೇಳಬೇಕಿತ್ತು. ಮುಂದಿನ ಸಲ ಲೇಸರಿನ ಶಕ್ತಿ ತಗ್ಗಿಸಿ ಹಾಯಿಸೋಣ. ಆದರೆ ಮಾಯುವವರೆಗೆ ಇಸ್ತ್ರಿ ಹತ್ತಿರ ಸುಳಿಯಬೇಡಿ."

ಇಸ್ತ್ರಿ ಹಿಡಿಯಲಿಕ್ಕೆಂದೇ ಲೇಸರ್. ಲೇಸರಿಗೆಂದು ಇಸ್ತ್ರಿ ಬಿಡಬೇಕು. ಅತ್ತ ದರಿ, ಇತ್ತ ಪುಲಿ. ಅಂಗಡಿ ಮುಚ್ಚಿದರೆ ಉಳಿದ ಗಿರಾಕಿಗಳೂ ಬೇರೆ ಓಣಿ ಹಿಡಿಯುತ್ತಾರೆ.

"ನಾನಿಲ್ವೇನೆ?" ಎಂದರು ಅತ್ತೆ.

"ನಿಮಗೆ ಗುಂಡಿಯೇ ಕಾಣಿಸಲ್ಲ, ಅತ್ತೆ."

"ಗುಂಡಿಗೆ ನಾನು ಕಾಣಿಸ್ತೀನಲ್ಲ. ಪಕ್ಕಕ್ಕೆ ಸರಿದುಕೊಳ್ಳತ್ತೆ."

ಎರಡನೇ ಲೇಸರ್ ಆಯಿತು. ಅವಳೀಗ ಪರದೆಯ ಹಿಂದೆ, ಒಳಕೋಣೆಯಲ್ಲಿ. ಮಡಚುವ ಕೆಲಸವಷ್ಟೇ. ಕೆನ್ನೆ ಚುರುಚುರು ಅನ್ನುತ್ತಿತ್ತು. ಆಚೆ ಅತ್ತೆಯ ಇಸ್ತ್ರಿ ಹೋಗಿ ಬಂದು ಮಾಡುತ್ತಿದ್ದದ್ದು ಒಂದು ಕಡೆ ನಿಂತಿತು. ಬಟ್ಟೆ ಸೀದ ವಾಸನೆ ಬಂತು.

ಎದ್ದು ಪರದೆ ಹಿಡಿದಳು. ಆಚೆಯ ಬಿಸಿ ಬೆರಳಿಗೆ ತಾಕಿತು.

"ಅತ್ತೆ, ಪೆಟ್ಟಿಗೆ ಎತ್ತಿ."

"ಎತ್ತಿದೆ ಕಣೆ. ನೀನು ಬರಬೇಡ." ಬಟ್ಟೆ ಕೊಡವಿದ ಸದ್ದಾಯಿತು. "ಯಾರದೇ ಇದು?"

"ಯಾವ ಬಣ್ಣದ್ದು?"

"ಬಿಳೀದು."

ಪರದೆ ಹಿಡಿದ ಕೈ ಹಾಗೇ ಇತ್ತು. ಸರಿಸಲೂ ಇಲ್ಲ, ಬಿಡಲೂ ಇಲ್ಲ.