ಹೆಣ್ಣುಮಕ್ಕಳ ಬೆಂಚಿನ ಹಾಜರಿ

ಗಿರಿಜೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರದ ಹಾಗೆ ಮಾಡಿದವಳು ನಾನು. ಅವಳ ಅಪ್ಪನಲ್ಲ, ನಮ್ಮ ಮೇಷ್ಟರಲ್ಲ, ಆಮೇಲೆ ಊರವರು ಆಡಿಕೊಂಡ ಹಾಗೆ ಅವಳ ಹಣೆಬರಹವೂ ಅಲ್ಲ. ನಾನು. ಅದಕ್ಕಾಗಿ ನಾನು ಸುಳ್ಳು ಹೇಳಬೇಕಾಗಿಯೂ ಬರಲಿಲ್ಲ. ತಿಂಗಳಿಗೆ ಮೂರು ದಿನ, ಬೆಳಗಿನ ಹಾಜರಿಯ ಹೊತ್ತಿಗೆ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ — ಅಷ್ಟೇ. ಈ 'ಅಷ್ಟೇ' ಎಂಬ ಮಾತು ಬರೆಯುವಾಗಲೂ ತಾನಾಗಿ ಬಂದು ಕೂತಿತು ನೋಡಿ. ಅರವತ್ತು ವರ್ಷದಿಂದ ಅದರ ಹಿಂದೆಯೇ ಅಡಗಿಕೊಂಡಿದ್ದೇನೆ. ನೆನೆಸಿಕೊಂಡರೆ ನನ್ನ ಮೇಲೆ ನನಗೇ ಮೈಯೆಲ್ಲ ಉರಿಯುತ್ತದೆ.

ರಾಜ್ಯ ಒಂದುಗೂಡಿದ ಮೇಲಿನ ಎರಡನೇ ವರ್ಷ ಅದು. ಸೊರಬದಲ್ಲಿ ನಾವು ಓದುತ್ತಿದ್ದ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ ಮೂವತ್ತು ಚಿಲ್ಲರೆ ಹುಡುಗರು, ಹುಡುಗಿಯರು ಇಬ್ಬರೇ — ನಾನು ಮತ್ತು ಗಿರಿಜೆ. ನನ್ನ ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಗಿರಿಜೆ ಕುಪ್ಪಗಡ್ಡೆಯ ಕಡೆಯವಳು, ಗದ್ದೆ ಮಾಡುವ ಮನೆ. ಓದಲಿಕ್ಕೆಂದು ಸೊರಬದಲ್ಲಿ ಸೋದರತ್ತೆಯ ಮನೆಯಲ್ಲಿ ಇದ್ದಳು. ಬಾಗಿಲ ಪಕ್ಕದಲ್ಲಿ ಗೋಡೆಗೆ ಒತ್ತಿದಂತೆ ನಮ್ಮಿಬ್ಬರ ಬೆಂಚು.

ತರಗತಿಯ ಮೇಷ್ಟರು ಆ ಬೆಂಚಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹುಡುಗರ ಹೆಸರನ್ನು ಒಂದೊಂದಾಗಿ ಕೂಗುವರು. ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಹೆಸರನ್ನು ಅಷ್ಟು ಜನರ ನಡುವೆ ಕೂಗುವುದು ಮರ್ಯಾದೆಯಲ್ಲವೆಂದು ಅವರ ಎಣಿಕೆ. ಕೊನೆಯಲ್ಲಿ ರಿಜಿಸ್ಟರಿನ ಮೇಲೇ ಕಣ್ಣಿಟ್ಟು, "ಹೆಣ್ಣುಮಕ್ಕಳು?" ಎನ್ನುವರು. ನಮ್ಮಲ್ಲಿ ಒಬ್ಬಳು ಎದ್ದು, "ಇಬ್ಬರೂ ಇದ್ದೀವಿ ಸಾರ್" ಎಂದರೆ ಮುಗಿಯಿತು. ನಮ್ಮ ಮನೆಗಳಲ್ಲಿ ಹುಡುಗಿ ಹೊರಗಾದರೆ ಮೂರು ದಿನ ಹಿತ್ತಲ ಕಡೆಯ ಜಗಲಿಯಲ್ಲೇ ಕೂರಬೇಕು. ಪುಸ್ತಕ ಮುಟ್ಟುವ ಹಾಗಿಲ್ಲ, ಶಾಲೆಯ ಮಾತಂತೂ ಇಲ್ಲವೇ ಇಲ್ಲ. ತಿಂಗಳಿಗೆ ಮೂರು ದಿನವೆಂದರೆ ವರ್ಷಕ್ಕೆ ಎಷ್ಟಾಯಿತು? ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಬಿಡುವುದಿಲ್ಲವೆಂದು ಜೂನ್ ತಿಂಗಳಲ್ಲೇ ಓದಿ ಹೇಳಿದ್ದರು. ಅದಕ್ಕೇ ನಮಗಿಂತ ಮುಂಚೆ ಓದಿದ ಹುಡುಗಿಯರು ಒಂದು ಪದ್ಧತಿ ಮಾಡಿಟ್ಟು ಹೋಗಿದ್ದರು. ಒಬ್ಬಳು ಹೊರಗೆ ಕೂತಿದ್ದರೂ ಇನ್ನೊಬ್ಬಳು ಎದ್ದು, "ಇಬ್ಬರೂ ಇದ್ದೀವಿ ಸಾರ್" ಎನ್ನಬೇಕು. ಮೇಷ್ಟರು ಬರೆದುಕೊಳ್ಳುತ್ತಿದ್ದರು. ಅವರಿಗೆ ಗೊತ್ತಿತ್ತೆಂದೇ ನನ್ನ ನಂಬಿಕೆ. ಬಾಯಿ ಬಿಟ್ಟು ಕೇಳುವಂಥ ವಿಷಯವಲ್ಲ, ಹಾಗಾಗಿ ಕೇಳುತ್ತಿರಲಿಲ್ಲ.

ಆ ವರ್ಷವೆಲ್ಲ ನಮಗೆ ಕಾಲೇಜಿನದೇ ಧ್ಯಾನ. ಪಿ.ಯು.ಸಿ. ಎಂಬುದು ಆಗ ಹೊಸದು. ಅದರಲ್ಲಿ ಏನು ಓದಿಸುತ್ತಾರೆಂದು ಸೊರಬದಲ್ಲಿ ಸರಿಯಾಗಿ ಹೇಳುವವರೇ ಇರಲಿಲ್ಲ. ಗಿರಿಜೆ ವಿಜ್ಞಾನ ತೆಗೆದುಕೊಂಡು ಡಾಕ್ಟರಾಗುವವಳು. ನಾನು — ನಾನು ಏನಾಗಬೇಕೆಂದು ಯೋಚಿಸಿದವಳೇ ಅಲ್ಲ, ಸೊರಬ ಬಿಟ್ಟು ಹೋದರೆ ಸಾಕಿತ್ತು. ಮಧ್ಯಾಹ್ನ ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕೂತು ಹಳೆಯ ಇಂಗ್ಲಿಷ್ ಪೇಪರು ಗಟ್ಟಿಯಾಗಿ ಓದುತ್ತಿದ್ದೆವು, ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ಅಂತೆ ಎಂದು. ನನಗೆ ಬೀಜಗಣಿತ ತಲೆಗೆ ಹತ್ತುತ್ತಿರಲಿಲ್ಲ. ಅವಳು ಸ್ಲೇಟಿನ ಮೇಲೆ ಬರೆದು, ಒರೆಸಿ, ಮತ್ತೆ ಬರೆದು ಹೇಳಿಕೊಡುತ್ತಿದ್ದಳು. ಹಾಸ್ಟೆಲಿಗೆ ತಟ್ಟೆ ಲೋಟ ನಾವೇ ಒಯ್ಯಬೇಕಂತೆ ಎಂದು ಯಾರೋ ಹೇಳಿದ್ದೇ ತಡ, ತನ್ನ ತಟ್ಟೆಯ ಹಿಂಭಾಗದಲ್ಲಿ ಮೊಳೆಯಿಂದ ಹೆಸರು ಕೊರೆದುಕೊಂಡಳು. ನನ್ನ ತಟ್ಟೆಯನ್ನೂ ಇಸಿದುಕೊಂಡು ಅದರ ಮೇಲೂ ಕೊರೆದುಕೊಟ್ಟಳು.

ದಸರಾ ರಜೆ ಮುಗಿದ ಮೇಲೆ ಹೆಡ್‌ಮಾಸ್ತರು ನಮ್ಮಿಬ್ಬರನ್ನೂ ಕರೆಸಿದರು. ಶಿವಮೊಗ್ಗದಲ್ಲಿ ಹುಡುಗಿಯರ ಒಂದು ಹಾಸ್ಟೆಲಿನಲ್ಲಿ ಊಟ, ವಸತಿ ಎರಡೂ ಧರ್ಮಕ್ಕೆ ಸಿಗುವ ಒಂದು ಜಾಗವಿದೆ, ಪರೀಕ್ಷೆಯಲ್ಲಿ ಹೆಚ್ಚು ನಂಬರು ತೆಗೆದವಳ ಹೆಸರು ಕಳಿಸುತ್ತೇನೆ, ಇಬ್ಬರೂ ಚೆನ್ನಾಗಿ ಓದಿ ಎಂದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಪಂಚೆ ಬದಲಾಯಿಸುತ್ತ, ಆ ಜಾಗ ಸಿಕ್ಕರೆ ಹೋಗು, ಸಿಗದಿದ್ದರೆ ಓದು ಇಲ್ಲಿಗೇ ಸಾಕು ಎಂದುಬಿಟ್ಟರು. ಗಿರಿಜೆಯ ಮನೆಯಲ್ಲೂ ಅದೇ ಮಾತಾಗಿತ್ತು. ಹೆಚ್ಚು ನಂಬರು ಯಾರಿಗೆ ಬರುತ್ತದೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಮಾತ್ರ, ಇನ್ನೊಂದು ಜಾಗ ಕೊಡಿ ಅಂತ ಬರೆದು ಕೇಳುವ ಮಾರಾಯ್ತಿ, ಇಬ್ಬರೂ ಹೋಗುವ ಎನ್ನುತ್ತಿದ್ದಳು. ಅವಳ ಆ ಒಳ್ಳೆಯತನ ನೋಡಿ ನನಗೆ ಸಿಟ್ಟು ಬರುತ್ತಿತ್ತು. ಗೆಲ್ಲುವವರಿಗೆ ಒಳ್ಳೆಯವರಾಗುವುದು ಸುಲಭ ಎಂದು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದೆ.

ಅದಾದ ಮುಂದಿನ ವಾರ ಗಿರಿಜೆ ಹೊರಗೆ ಕೂತಳು. ಬೆಳಿಗ್ಗೆ ಮೇಷ್ಟರು ಎಂದಿನಂತೆ ಕೇಳಿದರು. ನಾನು ಎದ್ದು ನಿಂತೆ.

"ಒಬ್ಬಳೇ ಇದ್ದೀನಿ ಸಾರ್."

ಮೇಷ್ಟರು ಆ ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ನಮ್ಮ ಬೆಂಚಿನ ಕಡೆ ನೋಡಿದರು. ನನ್ನನ್ನು, ನನ್ನ ಪಕ್ಕದ ಖಾಲಿ ಜಾಗವನ್ನು, ಮತ್ತೆ ನನ್ನನ್ನು. ಏನೋ ಕೇಳುವವರ ಹಾಗಿದ್ದರು — ಕೇಳಲಿಲ್ಲ. ತಲೆ ತಗ್ಗಿಸಿ ಬರೆದುಕೊಂಡರು. ಎಷ್ಟೋ ವರ್ಷ ನಾನು ಅವರನ್ನು ಬೈದುಕೊಂಡಿದ್ದೇನೆ. ಯಾಕೆ ಕೇಳಲಿಲ್ಲ ನೀವು? ಹೋದ ತಿಂಗಳವರೆಗೂ ಇಬ್ಬರೂ ಇರುತ್ತಿದ್ದಿರಲ್ಲ, ಈಗೇನಾಯಿತು ಎಂದು ಒಂದು ಮಾತು ಕೇಳಿದ್ದರೆ ನಾನು ಅಲ್ಲೇ ನಡುಗಿಹೋಗುತ್ತಿದ್ದೆ. ಆದರೆ ಅವರು ಕೇಳುವುದಿಲ್ಲವೆಂದು ಗೊತ್ತಿದ್ದೇ ಅಲ್ಲವೇ ನಾನು ಹೇಳಿದ್ದು? ಅವರ ನಾಚಿಕೆಯನ್ನೂ ನಾನೇ ಬಳಸಿಕೊಂಡೆ.

ಒಂದು ದಿನದ ಹೊಟ್ಟೆಕಿಚ್ಚಿನಲ್ಲಿ ಬಾಯಿ ತಪ್ಪಿ ಬಂತೆಂದರೆ ನಂಬಬೇಡಿ. ಮಾರನೆಯ ದಿನವೂ ಹೇಳಿದೆ, ಅದರ ಮಾರನೆಯ ದಿನವೂ. ಮುಂದಿನ ತಿಂಗಳೂ ಹೇಳಿದೆ. ಹೆಡ್‌ಮಾಸ್ತರ ಕಣ್ಣಿಗೆ ಅವಳು ಸ್ವಲ್ಪ ಅಡ್ಡಾದಿಡ್ಡಿ ಹುಡುಗಿಯಾಗಿ ಕಂಡರೆ ಸಾಕೆಂದಿದ್ದೆ, ಪರೀಕ್ಷೆಗೇ ಸಂಚಕಾರ ಬರುತ್ತದೆಂದು ತಿಳಿದಿರಲಿಲ್ಲ ಎಂದು ನನಗೆ ನಾನೇ ಬಹಳ ಕಾಲ ಹೇಳಿಕೊಂಡಿದ್ದೆ. ಅದು ಶುದ್ಧ ಸುಳ್ಳು. ಭೂಗೋಳದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾನು ಗೀಟು ಹಾಕುತ್ತಿದ್ದೆ. ಭತ್ತದ ಕೊಯ್ಲಿಗೆಂದು ಅವಳ ಅಪ್ಪ ಊರಿಗೆ ಕರೆದುಕೊಂಡು ಹೋದ ದಿನಗಳು, ಜ್ವರ ಬಂದು ಮಲಗಿದ ದಿನಗಳು, ಅವುಗಳ ಜೊತೆ ಈ ಮೂರು ಮೂರು ದಿನಗಳು. ಎಷ್ಟಾದರೆ ಅವಳು ಹೊರಗೆ ಬೀಳುತ್ತಾಳೆಂದು ನನಗೆ ಲೆಕ್ಕವಿತ್ತು. ಅವಳು ಕಲಿಸಿಕೊಟ್ಟ ಗಣಿತ ನನಗೆ ಚೆನ್ನಾಗಿ ಉಪಯೋಗಕ್ಕೆ ಬಂತು.

ಇನ್ನೂ ಒಂದು ಮಾತಿದೆ. ಬರೆಯಲು ಕೈ ಬರುತ್ತಿಲ್ಲ — ಆದರೂ ಬರೆಯುತ್ತೇನೆ. ಅದೇ ತಿಂಗಳುಗಳಲ್ಲಿ ನಾನೂ ಮೂರು ಮೂರು ದಿನ ಹೊರಗೆ ಕೂತಿದ್ದೆ. ಆ ಒಂದೊಂದು ದಿನವೂ ಗಿರಿಜೆ ಎದ್ದು ನಿಂತು, "ಇಬ್ಬರೂ ಇದ್ದೀವಿ ಸಾರ್" ಎನ್ನುತ್ತಲೇ ಇದ್ದಳು.

ಫೆಬ್ರವರಿಯಲ್ಲಿ ಪಟ್ಟಿ ಹಚ್ಚಿದರು. ಹಾಜರಿ ಸಾಲದವರಲ್ಲಿ ಗಿರಿಜೆಯ ಹೆಸರಿತ್ತು. ನಾಲ್ಕು ದಿನ ಕಡಿಮೆ. ನಾಲ್ಕೇ ದಿನ! ಅವಳು ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಅಳುತ್ತಿರಲಿಲ್ಲ, ಗಾಬರಿಯಾಗಿದ್ದಳು. ಇದು ಹೆಂಗಾಯ್ತೇ, ನೀನು ಹೇಳ್ತಿದ್ಯಲ್ಲ ಎಂದು ಕೇಳಿದಳು. ಆಗ ನಾನು ನಿಜವಾದ ಸುಳ್ಳು ಹೇಳಿದೆ.

"ನಾನು ಹೇಳ್ತಾನೇ ಇದ್ದೆ ಮಾರಾಯ್ತಿ. ಮೇಷ್ಟರು ತಲೆ ಎತ್ತಿ ನೋಡಿಬಿಟ್ರು. ನಂಗೂ ಬೈದ್ರು."

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ — ತನಗಾಗಿ ಬೈಸಿಕೊಂಡೆಯಲ್ಲ ಎಂದು ನನಗೇ ಸಮಾಧಾನ ಹೇಳಿದಳು.

ಅವಳ ಅಪ್ಪ ಕುಪ್ಪಗಡ್ಡೆಯಿಂದ ಬಂದರು. ಡಾಕ್ಟರ ಚೀಟಿ ತಂದುಕೊಟ್ಟರೆ ಮೇಲಿನವರಿಗೆ ಬರೆದು ನೋಡುತ್ತೇನೆಂದು ಹೆಡ್‌ಮಾಸ್ತರು ಹೇಳಿದರಂತೆ. ನಾನು ವರಾಂಡದಲ್ಲೇ ನಿಂತಿದ್ದೆ. ಒಳಗೆ ಹೋಗಿ, ಸಾರ್, ನನ್ನ ಹಾಜರಿಯೂ ಸುಳ್ಳು, ತೆಗೆದರೆ ಇಬ್ಬರನ್ನೂ ತೆಗೆಯಿರಿ, ಬಿಟ್ಟರೆ ಇಬ್ಬರನ್ನೂ ಬಿಡಿ ಎಂದು ಹೇಳಲು ಹತ್ತು ಹೆಜ್ಜೆ ಸಾಕಿತ್ತು. ಹೋಗಲಿಲ್ಲ. ಅವಳ ಅಪ್ಪ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಡಾಕ್ಟ್ರೂ ಬೇಡ, ಚೀಟಿಯೂ ಬೇಡ. ಓದಿದ್ದು ಸಾಕು, ನಡಿ" ಎಂದರು. ಆ ಮನುಷ್ಯನ ಮೇಲೂ ನನಗೆ ಕೆಂಡದಂಥ ಕೋಪವಿದೆ. ಒಂದು ಚೀಟಿ ತರಲು ಏನಾಗಿತ್ತು ನಿಮಗೆ? ಆದರೆ ಮೂರು ವರ್ಷ, ಊರವರ ಕುಹಕವನ್ನೆಲ್ಲ ಕೇಳಿಸಿಕೊಂಡೂ ಮಗಳನ್ನು ಓದಿಸಿದ್ದವರು ಅವರೇ. ಬಿಡಿಸಲು ಒಂದು ನೆಪ ಬೇಕಾಗಿತ್ತೋ ಏನೋ, ಅದನ್ನು ಕೈಗಿತ್ತವಳು ನಾನು. ಮುಂಗಾರಿಗೆ ಮುಂಚೆಯೇ ಅವಳನ್ನು ಶಿಕಾರಿಪುರಕ್ಕೆ ಮದುವೆ ಮಾಡಿ ಕೊಟ್ಟರು. ನಾನು ಹಾಸ್ಟೆಲಿಗೆ ಹೋದೆ. ಅವಳು ಹೆಸರು ಕೊರೆದುಕೊಟ್ಟ ತಟ್ಟೆಯಲ್ಲಿ ಉಂಡೆ, ಓದಿದೆ, ಹೈಸ್ಕೂಲಿನಲ್ಲಿ ಟೀಚರಾದೆ. ನಿವೃತ್ತಿಯ ದಿನ ಶಾಲು ಹೊದಿಸಿ, ಇವರು ಸತ್ಯಕ್ಕೆ ಇನ್ನೊಂದು ಹೆಸರು ಎಂದು ಭಾಷಣ ಮಾಡಿದರು. ಆ ಶಾಲನ್ನು ಕಿತ್ತೆಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಮಡಿಸಿಟ್ಟುಕೊಂಡೆ.

ನಡುವೆ ಒಂದೇ ಸಲ ಅವಳನ್ನು ನೋಡಿದ್ದು, ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ. ಇಬ್ಬರಿಗೂ ನಲವತ್ತು ದಾಟಿತ್ತು. ಅವಳೇ ಗುರುತು ಹಿಡಿದು ಕೂಗಿದಳು. ಜೊತೆಗಿದ್ದ ಮಗಳನ್ನು ಮುಂದಕ್ಕೆ ತಳ್ಳಿ, "ನಾ ಹೇಳ್ತಿದ್ನಲ್ಲ, ನನ್ನ ಸಲುವಾಗಿ ಸುಳ್ಳು ಹೇಳಿ ಮೇಷ್ಟರ ಹತ್ರ ಬೈಸ್ಕೊಂಡೋಳು, ಇವ್ಳೇ. ಕಾಲಿಗೆ ಬೀಳು" ಎಂದಳು. ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಒಳ್ಳೆಯದಾಗಲಿ ಎಂದೆ. ಹದಿನಾರರಲ್ಲಿ ಮಾಡಿದ್ದಕ್ಕೆ ವಯಸ್ಸಿನ ಸಬೂಬು ಹೇಳುವವರು ಹೇಳಲಿ. ನಲವತ್ತು ದಾಟಿದ ಮೇಲೆ ಆ ಆಶೀರ್ವಾದ ಮಾಡಿದ ಕೈಗೆ ಯಾವ ಸಬೂಬಿದೆ?

ಗಿರಿಜೆ ಇನ್ನೂ ಇದ್ದಾಳೆ, ಶಿಕಾರಿಪುರದಲ್ಲಿ, ಮಗನ ಮನೆಯಲ್ಲಿ. ಕಣ್ಣು ಮಂಜಾಗಿದೆ, ಓದುವುದು ಕಷ್ಟ ಎಂದು ಕೇಳಿದೆ. ಇದನ್ನು ಅಂಚೆಗೆ ಹಾಕಿದರೆ ಬೇರೆ ಯಾರೋ ಓದಿ ಹೇಳುತ್ತಾರೆ, ನಾನು ಇಲ್ಲಿ ಸುಖವಾಗಿ ಕೂತಿರುತ್ತೇನೆ. ಅದಾಗಕೂಡದು. ಈ ವಾರವೇ ಹೋಗುತ್ತೇನೆ, ಎದುರಿಗೆ ಕೂತು ನನ್ನ ಬಾಯಿಂದಲೇ ಹೇಳುತ್ತೇನೆ. ನನಗಿರುವ ಹೆದರಿಕೆ ಒಂದೇ. ಅವಳು ನಕ್ಕು, ಹೋಗ್ಲಿ ಬಿಡೇ, ಎಂದಿನದೋ ಮಾತು ಎಂದುಬಿಡುತ್ತಾಳೆ. ಹಾಗೆನ್ನಬೇಡ ಗಿರಿಜೆ. ನೀನು ಡಾಕ್ಟರಾಗಬೇಕಿತ್ತು. ನನ್ನನ್ನು ಬೈಯಿ, ಬಾಗಿಲಿನಿಂದ ಆಚೆಗೆ ಹಾಕು. ಅರವತ್ತು ವರ್ಷದಿಂದ ನಿನ್ನ ಪಾಲಿನ ಸಿಟ್ಟನ್ನೂ ನಾನೊಬ್ಬಳೇ ಮಾಡಿಕೊಂಡು ಬಂದಿದ್ದೇನೆ. ಅದು ನಿನ್ನದು, ನಿನಗೆ ಕೊಟ್ಟು ಬರುತ್ತೇನೆ.